ಸ್ಟೂಲು ಮಾಡಿಕೊಟ್ಟಿದ್ದು ಮಗುವಿಗೆ, ಮನಿ ಪ್ಲಾಂಟಿಗಲ್ಲ

ಭಾನುವಾರ ಬೆಂಗಳೂರಿಗೆ ಹೋಗಿದ್ದೆ, ತಂಗಿ ಮಗಳ ಹೊಸ ಫ್ಲಾಟಿಗೆ. ಅವಳ ಮಗನಿಗೆ ಈಗ ಮೂರು ವರ್ಷ. ಅವನಿಗೆಂದೇ ಹೋದ ಬೇಸಿಗೆಯಲ್ಲಿ ಹಲಸಿನ ಮರದ ಪುಟ್ಟ ಸ್ಟೂಲು ಮಾಡಿಕೊಟ್ಟಿದ್ದೆ. ಇಲ್ಲಿ ಫೋಟೋ ಹಾಕಿದ್ದೆ, ನೀವೆಲ್ಲ ಹೊಗಳಿದ್ದಿರಿ, ನಾನೂ ಉಬ್ಬಿದ್ದೆ. ಅದು ಈಗ ಎಲ್ಲಿದೆ ಗೊತ್ತಾ? ಟಿವಿ ಪಕ್ಕದ ಶೋಕೇಸಿನಲ್ಲಿ. ಮೇಲಿಂದ ಅದಕ್ಕೊಂದು ಸಣ್ಣ ಲೈಟು ಬೇರೆ. ಸ್ಟೂಲಿನ ಮೇಲೆ ಪಿಂಗಾಣಿ ಕುಂಡ, ಕುಂಡದಲ್ಲಿ ಮನಿ ಪ್ಲಾಂಟ್.

ಹುಡುಗ ಎಲ್ಲಿ ಅಂತ ಹುಡುಕಿದರೆ, ಬಾತ್‌ರೂಮಿನಲ್ಲಿ ಬಕೆಟ್ ಬೋರಲು ಹಾಕಿ, ಅದರ ಮೇಲೆ ಹತ್ತಿ ನಿಂತು ಸಿಂಕಿನ ನಲ್ಲಿಗೆ ಕೈ ಚಾಚುತ್ತಿದ್ದಾನೆ!

"ಇದೇನೇ ಇದು?" ಅಂದೆ.

"ಅಯ್ಯೋ ದೊಡ್ಡಮ್ಮ, ಅಷ್ಟು ಚೆನ್ನಾಗಿದೆ. ಇವನ ಕೈಗೆ ಕೊಟ್ಟರೆ ಗೀರು ಹಾಕಿಬಿಡ್ತಾನೆ."

ಗೀರು ಹಾಕಲಿ ಅಂತಲೇ ಅಲ್ವಾ ಮಾರಾಯ್ತಿ ಕೊಟ್ಟಿದ್ದು? ಹೋಳಿಗೆ ಬಡಿಸಿದರೆ ತಿನ್ನದೆ ಅದಕ್ಕೆ ಫ್ರೇಮ್ ಹಾಕಿಸಿದ ಹಾಗಾಯಿತು.

ಬಾಯಿ ಬಿಗಿಹಿಡಿದುಕೊಂಡು ಕಾಫಿ ಕುಡಿದು ಬಂದೆ. ಬಸ್ಸಿನಲ್ಲಿ ಸಾಗರದವರೆಗೂ ನಿದ್ದೆ ಬರಲಿಲ್ಲ. ಅದಕ್ಕೇ ಈ ಬರಹ.

ಆ ಸ್ಟೂಲಿನ ಎತ್ತರ ಎಂಟೂವರೆ ಇಂಚು. ಕಣ್ಣಳತೆಯಲ್ಲಿ ಹೊಡೆದದ್ದಲ್ಲ. ಹುಡುಗ ಕೂತಾಗ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು, ತೊಡೆ ನೇರ ಇರಬೇಕು. ಅದಕ್ಕೆ ಅವನ ಕಾಲು ಅಳೆದೇ ಮಾಡಿದ್ದು. ದೊಡ್ಡವರ ಕುರ್ಚಿಯಲ್ಲಿ ಕೂರಿಸಿದ ಮಗುವನ್ನು ನೋಡಿ, ಕಾಲು ತೂಗಾಡುತ್ತಿರುತ್ತೆ, ಐದು ನಿಮಿಷಕ್ಕೆ ಜಾರಿ ಇಳಿಯುತ್ತೆ. ಆಮೇಲೆ "ಒಂದು ಕಡೆ ಕೂರೋದೇ ಇಲ್ಲ ಇದು" ಅಂತ ದೂರು. ಇಷ್ಟು ಅಳತೆ ನೋಡಿ ಮಾಡಿದ ಸ್ಟೂಲಿನ ಮೇಲೆ ಈಗ ಕೂತಿರುವುದು ಕಾಲೇ ಇಲ್ಲದ ಗಿಡ.

ಮರದ ಕಥೆಯನ್ನೂ ಹೇಳಿಬಿಡುತ್ತೇನೆ. ತವರುಮನೆ ಹಿತ್ತಲಿನ ಹಲಸು ಗಾಳಿಗೆ ಬಿದ್ದಿತ್ತು. ಒಲೆಗೆ ಹಾಕಬೇಡಿ ಅಂತ ಜಗಳ ಮಾಡಿ ಒಂದಿಷ್ಟು ತುಂಡು ಮಿಲ್ಲಿಗೆ ಕಳಿಸಿ ಕೊಯ್ಸಿದೆ. ಹಲಗೆಗಳ ನಡುವೆ ಸಣ್ಣ ರೀಪು ಇಟ್ಟು, ಗಾಳಿ ಆಡುವ ಹಾಗೆ ಅಟ್ಟದಲ್ಲಿ ಪೇರಿಸಿದೆ. ಇಂಚು ದಪ್ಪಕ್ಕೆ ಒಂದು ವರ್ಷ ಒಣಗಬೇಕು ಅನ್ನುವುದು ಬಡಗಿಗಳ ಲೆಕ್ಕ. ಹಸಿ ಮರದಲ್ಲಿ ಮಾಡಿದರೆ ಆಮೇಲೆ ಅದು ಒಣಗುತ್ತಾ ಕುಗ್ಗಿ, ಕಾಲು ಲೊಡಲೊಡ ಅಲ್ಲಾಡುತ್ತೆ. ವೀಣೆಗೂ ಮೃದಂಗಕ್ಕೂ ಬಳಸುವ ಮರ ಇದು. ಕೊಯ್ದಾಗ ಅರಿಶಿನದ ಬಣ್ಣ, ಬೆಳಕು ಬೀಳುತ್ತಾ ಬೀಳುತ್ತಾ ಕೆಂಪು ಮಿಶ್ರಿತ ಕಂದು.

ಇದರಲ್ಲಿ ಒಂದೂ ಮೊಳೆ ಇಲ್ಲ. ಹಲಗೆಗೆ ತೂತು ಕೊರೆದು, ಕಾಲಿನ ತುದಿಯನ್ನು ಅದರೊಳಗೆ ಕೂರಿಸಿ, ಮೇಲಿಂದ ಬೆಣೆ ಹೊಡೆದದ್ದು. ಬೆಣೆ ಯಾವಾಗಲೂ ಹಲಗೆಯ ನಾರಿಗೆ ಅಡ್ಡ ಬರಬೇಕು. ನಾರಿನ ಉದ್ದಕ್ಕೇ ಹೊಡೆದರೆ ಹಲಗೆ ಟಪ್ ಅಂತ ಸೀಳುತ್ತೆ. ಕಾಲುಗಳನ್ನು ನೆಟ್ಟಗೆ ನಿಲ್ಲಿಸದೆ ಸ್ವಲ್ಪ ಹೊರಕ್ಕೆ ಚಾಚಿಸಿದ್ದೇನೆ. ಯಾಕಂದರೆ ಮಕ್ಕಳು ನಡುವೆ ಕೂರುವುದಿಲ್ಲ, ಅಂಚಿನಲ್ಲೇ ಕೂರುತ್ತಾರೆ, ಅಂಚಿನಲ್ಲೇ ನಿಲ್ಲುತ್ತಾರೆ. ಕಾಲು ನೆಟ್ಟಗಿದ್ದರೆ ಸ್ಟೂಲು ಮಗುಚುತ್ತೆ. ಹಲಗೆಯ ನಡುವೆ ಹಿಡಿಯಲು ಒಂದು ಉದ್ದ ಕಿಂಡಿ ಇದೆ. ನಾಲ್ಕು ಬೆರಳು ಸರಾಗವಾಗಿ ಹೋಗಿ ಬರಬೇಕು. ಒಂದೇ ಬೆರಳು ಸಿಕ್ಕಿಕೊಳ್ಳುವಂಥ ತೂತು ಅಪಾಯ. ಆ ಕಿಂಡಿ ಇರುವುದು ಮಗು ತಾನೇ ಸ್ಟೂಲು ಎತ್ತಿಕೊಂಡು ಮನೆಯೆಲ್ಲ ತಿರುಗಲಿ ಅಂತ. ಈಗ ಕುಂಡದ ನೀರು ಬಸಿಯುವುದಕ್ಕೆ ಉಪಯೋಗ ಆಗುತ್ತಿದೆ, ಸಂತೋಷ.

ಬಸಿಯುತ್ತಿದೆ ಅಂತ ಸುಮ್ನೆ ಹೇಳಿದ್ದಲ್ಲ. ಅವಳು ಒಳಗೆ ಹೋದಾಗ ಕುಂಡ ಎತ್ತಿ ನೋಡಿದೆ. ಅಡಿಯಲ್ಲಿ ನೀರು ಇಳಿದು ಬಿಳಿಚಿದ ಉಂಗುರ, ಅದರ ಅಂಚಿಗೆ ಕಪ್ಪು ಬೂಷ್ಟು. ಗೀರು ಬೀಳಬಾರದು ಅಂತ ಕಾಪಾಡಿದ್ದರ ಫಲ!

ಗೀರಿನ ವಿಷಯಕ್ಕೇ ಬರುತ್ತೇನೆ. ನಾನು ವಾರ್ನಿಷ್ ಹೊಡೆಯುವುದಿಲ್ಲ, ಅಗಸೆ ಎಣ್ಣೆ ಅಷ್ಟೇ ಸವರುತ್ತೇನೆ. ಹಾರ್ಡ್‌ವೇರ್ ಅಂಗಡಿಯ ಬಾಯ್ಲ್ಡ್ ಎಣ್ಣೆಯಲ್ಲಿ ಬೇಗ ಒಣಗಲಿ ಅಂತ ಲೋಹದ ಲವಣ ಸೇರಿಸಿರುತ್ತಾರೆ. ಮಕ್ಕಳು ಸ್ಟೂಲಿನ ಅಂಚನ್ನು ಕಚ್ಚುತ್ತಾರೆ, ಅದಕ್ಕೆ ನನ್ನದು ಹಸಿ ಎಣ್ಣೆ. ಒಣಗಲು ವಾರಗಟ್ಟಲೆ ಬೇಕು, ಬೇಕಾದರೆ ಬೇಕು. ಗೀರು ಬಿದ್ದರೆ ಉಪ್ಪುಕಾಗದದಲ್ಲಿ ಉಜ್ಜಿ ಇನ್ನೊಂದು ಕೈ ಎಣ್ಣೆ ಸವರಿದರೆ ಮುಗಿಯಿತು. (ಮಾಡಹೊರಟವರಿಗೆ ಒಂದು ಮಾತು: ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ತಾನಾಗಿಯೇ ಬಿಸಿಯೇರಿ ಬೆಂಕಿ ಹತ್ತಬಹುದು. ಬಿಡಿಸಿ ತಂತಿಯ ಮೇಲೆ ಹರವಿ.)

ತಂಗಿ ಗಂಡ ಆಗಲೇ ಒಂದು ಸಲಹೆ ಕೊಟ್ಟಿದ್ದರು, "ಗೇಟಿಗೆ ಹೊಡೆದು ಉಳಿದ ಹಸಿರು ಪೇಂಟ್ ಇದೆಯಲ್ಲ, ಅದನ್ನೇ ಬಳಿಯಿರಿ ಅಕ್ಕಾ, ಚೆನ್ನಾಗಿ ಕಾಣುತ್ತೆ" ಅಂತ. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ ತೊಂಬತ್ತು ಭಾಗ) ಮೀರಬಾರದು ಅನ್ನುವ ನಿಯಮ ನಮ್ಮ ದೇಶದಲ್ಲಿ ಜಾರಿಯಾದದ್ದೇ 2017ರ ನವೆಂಬರಿನಲ್ಲಿ. ಅವರ ಅಟ್ಟದ ಡಬ್ಬಿ ಅದಕ್ಕೂ ಎಷ್ಟೋ ಹಿಂದಿನದು. ಮಗುವಿನ ಬಾಯಿಗೆ ಹೋಗುವ ವಸ್ತುವಿಗೆ ಅದನ್ನು ಬಳಿಯಬೇಕಂತೆ!

ಇನ್ನೊಂದು ತಮಾಷೆ. ಈ ಹುಡುಗ ಹೋಗುವುದು ಮಾಂಟೆಸ್ಸೊರಿ ಶಾಲೆಗೆ. ಫೀಸು ಕೇಳಿ ನನಗೆ ತಲೆ ತಿರುಗಿತು. ಇಡೀ ಜೀವನ ಒಂದನೇ ಕ್ಲಾಸಿನ ಮಕ್ಕಳ ಜೊತೆ ಕಳೆದವಳು ನಾನು, ಇಷ್ಟನ್ನು ಹೇಳುವ ಹಕ್ಕಿದೆ ಅಂದುಕೊಂಡಿದ್ದೇನೆ. 1907ರಲ್ಲಿ ರೋಮಿನ ಒಂದು ಬಡ ಬಡಾವಣೆಯಲ್ಲಿ ಮರಿಯಾ ಮಾಂಟೆಸ್ಸೊರಿ ತಮ್ಮ ಮೊದಲ ಶಾಲೆ ಶುರು ಮಾಡಿದರು. ನೆಲಕ್ಕೆ ಬಿಗಿದ ಡೆಸ್ಕು ಬೇಡ ಅಂದರು. ಮಕ್ಕಳ ಅಳತೆಯ, ಮಕ್ಕಳೇ ಎತ್ತಿ ಸರಿಸುವಷ್ಟು ಹಗುರವಾದ ಮೇಜು ಕುರ್ಚಿ ಮಾಡಿಸಿದರು. ಮಗು ಎಡವಿದರೆ ಕುರ್ಚಿ ಸದ್ದು ಮಾಡಿಕೊಂಡು ಬೀಳಲಿ, ಆಗಲೇ ಮಗು ಮೈ ಹಿಡಿತದಲ್ಲಿಟ್ಟು ಓಡಾಡುವುದನ್ನು ಕಲಿಯುವುದು ಅನ್ನುವುದು ಅವರ ವಾದ. 1939ರಲ್ಲಿ ಮದರಾಸಿಗೇ ಬಂದು ಟೀಚರುಗಳಿಗೆ ತರಬೇತಿ ಕೊಟ್ಟರು ಆ ಪುಣ್ಯಾತ್ಗಿತ್ತಿ. ನಾವು ಫೀಸು ಕಟ್ಟಿ ಅವರ ಹೆಸರನ್ನು ಕೊಂಡುಕೊಂಡೆವು, ಮನೆಯಲ್ಲಿ ಸ್ಟೂಲನ್ನು ಶೋಕೇಸಿಗೆ ಏರಿಸಿದೆವು.

"ಅದೂ ಪ್ರೀತಿಯೇ ಅಲ್ವಾ? ದೊಡ್ಡಮ್ಮನ ನೆನಪಿಗೆ ಜೋಪಾನ ಮಾಡಿದ್ದಾಳೆ" ಅಂತ ನನ್ನ ಗೆಳತಿಯೊಬ್ಬಳು ಫೋನಿನಲ್ಲಿ ಸಮಾಧಾನ ಹೇಳಿದಳು. ಇರಬಹುದು. ಆದರೆ ನಾನಿನ್ನೂ ಬದುಕಿದ್ದೇನಲ್ಲ! ಮಾಲೆ ಹಾಕುವುದೊಂದೇ ಬಾಕಿ. ನೆನಪಿಗೆ ಬೇಕಿದ್ದರೆ ನನ್ನ ಫೋಟೋ ಕೊಡುತ್ತಿದ್ದೆ, ಅಷ್ಟು ಕಷ್ಟಪಟ್ಟು ಬೆಣೆ ಯಾಕೆ ಹೊಡೆಯಬೇಕಿತ್ತು?

"ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತೆ" ಅನ್ನುವವರ ಮೇಲೆ ನನಗೆ ಸಿಟ್ಟಿಲ್ಲ. ಸಿಗುತ್ತೆ, ತಗೊಳ್ಳಿ. ಮಗು ಅದರ ಮೇಲೆ ಹತ್ತಿ ಇಳಿದು ಮಾಡಿದರೆ, ಶೋಕೇಸಿನ ಹಲಸಿಗಿಂತ ಆ ಪ್ಲಾಸ್ಟಿಕ್ಕೇ ಮೇಲು. ಹೊಟ್ಟೆ ಉರಿದುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ನಿಜ ಹೇಳಬೇಕೆಂದರೆ ಈ ಸಿಟ್ಟಿನಲ್ಲಿ ನನ್ನದೂ ಒಂದು ಹಳೇ ಲೆಕ್ಕ ಇದೆ. ಅಪ್ಪನ ಉಳಿ, ಕೊಡತಿ, ಕೀಸುಳಿ ಎಲ್ಲ ಒಂದು ಪೆಟ್ಟಿಗೆಯಲ್ಲಿದ್ದವು. ಅಣ್ಣಂದಿರು ಮುಟ್ಟಬಹುದಿತ್ತು, ನಾನು ಮುಟ್ಟಿದರೆ "ಇಡೇ ಅಲ್ಲಿ, ಹಾಳಾಗುತ್ತೆ." ಅಣ್ಣಂದಿರು ಯಾರೂ ಆಮೇಲೆ ಅದನ್ನು ತೆರೆಯಲೇ ಇಲ್ಲ. ರಿಟೈರ್ ಆದ ಮೇಲೆ ತುಕ್ಕು ಉಜ್ಜಿ ಸಾಣೆ ಹಿಡಿದದ್ದು ನಾನು. ಇವತ್ತಿಗೂ ಹಾರ್ಡ್‌ವೇರ್ ಅಂಗಡಿಯಲ್ಲಿ ಉಳಿ ಕೇಳಿದರೆ "ಯಜಮಾನರು ಯಾವ ಸೈಜ್ ಹೇಳಿದ್ದಾರೆ ಮೇಡಂ?" ಅಂತಾರೆ. ಯಜಮಾನರಿಗೆ ಸ್ಕ್ರೂ ಡ್ರೈವರ್ ಎಲ್ಲಿದೆ ಅಂತಲೂ ಗೊತ್ತಿಲ್ಲ ಅನ್ನುವುದು ಬೇರೆ ಮಾತು. "ಹಾಳಾಗುತ್ತೆ" ಅನ್ನುವ ಮಾತು ಕೇಳಿದರೆ ನನಗೆ ಮೈ ಉರಿಯುವುದು ಇದಕ್ಕೇ.

ಸಾಗರದಲ್ಲೇ ಇರುವ ತಮ್ಮನ ಮನೆಯ ಸ್ಟೂಲು ನೋಡಬೇಕು ನೀವು. ಅವನ ಮೊಮ್ಮಗಳದ್ದು. ಒಂದು ಮೂಲೆಯಲ್ಲಿ ಸಾಲು ಹಲ್ಲಿನ ಗುರುತು. ಕಿಂಡಿಯೊಳಗೆ ಒಣಗಿದ ಅನ್ನದ ಅಗುಳು. ಮೇಲೆ ನೀಲಿ ಕ್ರೇಯಾನಿನಲ್ಲಿ ಬೆಕ್ಕೋ ಹಸುವೋ ಏನೋ ಒಂದು. ಬೆಳಿಗ್ಗೆ ಅದರ ಮೇಲೆ ನಿಂತು ಹಲ್ಲುಜ್ಜುತ್ತಾಳೆ, ಮಧ್ಯಾಹ್ನ ಅದೇ ಊಟದ ಮೇಜು, ಸಂಜೆ ಬೋರಲು ಹಾಕಿದರೆ ಬಸ್ಸು. ಮೊನ್ನೆ ಅದನ್ನೇ ಅಡುಗೆಮನೆಗೆ ಎಳೆದುಕೊಂಡು ಹೋಗಿ ಹಲಸಿನ ಚಿಪ್ಸಿನ ಡಬ್ಬಿ ಇಳಿಸಿದ್ದಾಳೆ. ಅವಳಮ್ಮ ಬೈಯುತ್ತಿದ್ದರೆ ನಾನು ಹೊರಗೆ ನಿಂತು ನಗುತ್ತಿದ್ದೆ.

ಈಗ ದೊಡ್ಡಣ್ಣನ ಸೊಸೆ ತನ್ನ ಮಗಳಿಗೂ ಒಂದು ಬೇಕು ಅಂತ ಮೆಸೇಜ್ ಹಾಕಿದ್ದಾಳೆ. ಜೊತೆಗೆ ತನ್ನ ಸೋಫಾದ ಫೋಟೋ, ಬಣ್ಣ ಮ್ಯಾಚ್ ಆಗಬೇಕಂತೆ. ಸೋಫಾ ನನಗೆ ಬೇಡ ಕಣಮ್ಮಾ. ಮಗುವನ್ನು ಬರಿಗಾಲಲ್ಲಿ ಕೂರಿಸಿ, ಮೊಣಕಾಲಿನ ಹಿಂದಿನ ಮಡಿಕೆಯಿಂದ ನೆಲದವರೆಗೆ ಟೇಪ್ ಹಿಡಿದು, ಆ ಅಳತೆ ಕಳಿಸು. ದೀಪಾವಳಿ ಕಳೆಯುವವರೆಗೆ ಅವಸರ ಮಾಡಬೇಡ. ನಮ್ಮ ಕಡೆ ಈ ಮಳೆಯಲ್ಲಿ ಸವರಿದ ಎಣ್ಣೆ ಒಣಗುವುದಿಲ್ಲ.