ಮೋಟರ್‌ಗೆ 10 ವರ್ಷ, ಮಿಕ್ಕಿದ್ದಕ್ಕೆಲ್ಲ ದೇವರೇ ಗತಿ

ವಾಷಿಂಗ್ ಮಷಿನ್ ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ಮಷಿನ್ ಅಲ್ಲ, ಅದರ ಮೇಲೆ ಅಂಟಿಸಿದ ಸ್ಟಿಕ್ಕರ್. ‘ಮೋಟರ್‌ಗೆ 10 ವರ್ಷ ವಾರಂಟಿ’ ಎಂದು ರಸ್ತೆಯ ಆಚೆ ಬದಿಯಿಂದಲೂ ಓದುವ ಹಾಗೆ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಪಕ್ಕದಲ್ಲಿ ಪುಟ್ಟದೊಂದು ನಕ್ಷತ್ರ. ಆ ನಕ್ಷತ್ರದ ಜಾಡು ಹಿಡಿದು ಕೆಳಗೆ ಇಳಿದರೆ, ಕನ್ನಡಕ ಹಾಕಿದವರಿಗೂ ಕಾಣದ ಹಾಗೆ ಇನ್ನೊಂದು ಸಾಲು: ಇಡೀ ಮಷಿನ್‌ಗೆ 2 ವರ್ಷ.

ಮೋಟರ್ ಅಷ್ಟು ಸುಲಭಕ್ಕೆ ಕೆಡುವ ಸಾಮಾನಲ್ಲ. ಕೆಡುವುದು ಪಿಸಿಬಿ ಎಂಬ ಸರ್ಕ್ಯೂಟ್ ಬೋರ್ಡ್. ನೀರು ಒಳಗೆ ಬಿಡುವ ವಾಲ್ವ್. ಹೊರಗೆ ತಳ್ಳುವ ಪಂಪ್. ಬಾಗಿಲಿನ ರಬ್ಬರ್. ಇವಕ್ಕೆಲ್ಲ ಆ 10 ವರ್ಷ ಅನ್ವಯಿಸುವುದಿಲ್ಲ. ಫ್ರಿಜ್ಜಿನ ಕಥೆಯೂ ಇದೇ. ಕಂಪ್ರೆಸರ್‌ಗೆ 10 ವರ್ಷ. ಆ ಕಂಪ್ರೆಸರ್‌ಗೆ ‘ಓಡು’, ‘ನಿಲ್ಲು’ ಎಂದು ಹೇಳುವ ಬೋರ್ಡ್‌ಗೆ ಹೆಚ್ಚಿನ ಕಡೆ ಒಂದೇ ವರ್ಷ. ಅಂದರೆ ಮಾತು ಉಳಿಸಿಕೊಳ್ಳುವ ಪ್ರಸಂಗ ಎಲ್ಲಿ ಬರುವುದಿಲ್ಲವೋ ಅಲ್ಲಿ ಧಾರಾಳವಾಗಿ ಮಾತು ಕೊಡುತ್ತಾರೆ. ಚುನಾವಣೆಗೆ ನಿಂತವರಿಗೂ ಇಷ್ಟು ಜಾಣತನ ಇಲ್ಲ. ಪಾಪ, ಅವರು ರಸ್ತೆ, ನೀರು ಅಂತ ಕಣ್ಣಿಗೆ ಕಾಣುವುದಕ್ಕೇ ಮಾತು ಕೊಟ್ಟು ಸಿಕ್ಕಿಬೀಳುತ್ತಾರೆ.

ಇನ್ನು ವಾರಂಟಿ ಕಾರ್ಡ್. ಬ್ರಹ್ಮ ಎಂದರೆ ಯಾವುದು ಎಂದು ಕೇಳಿದ್ದಕ್ಕೆ ಉಪನಿಷತ್ತಿನವರು ‘ನೇತಿ ನೇತಿ’ ಎಂದರು, ಇದಲ್ಲ, ಇದೂ ಅಲ್ಲ. ಕಾರ್ಡ್ ಬರೆಯುವವರು ಅದೇ ಪರಂಪರೆಯವರು. ಪ್ಲಾಸ್ಟಿಕ್ ಸೇರಿಲ್ಲ. ರಬ್ಬರ್ ಸೇರಿಲ್ಲ. ಗಾಜು ಸೇರಿಲ್ಲ. ತುಕ್ಕು ಸೇರಿಲ್ಲ. ವೋಲ್ಟೇಜ್ ಏರಿಳಿತದಿಂದ ಆದದ್ದು ಸೇರಿಲ್ಲ. ಇಲಿ, ಜಿರಳೆ, ಹಲ್ಲಿ ಮಾಡಿದ್ದು ಸೇರಿಲ್ಲ. ಇಷ್ಟನ್ನೂ ಕಳೆದ ಮೇಲೆ ಉಳಿಯುವುದು ನಿರಾಕಾರ, ನಿರ್ಗುಣ ವಾಷಿಂಗ್ ಮಷಿನ್. ಅದಕ್ಕೆ ಮಾತ್ರ ಪೂರ್ತಿ ವಾರಂಟಿ ಇದೆ.

ಕಾರ್ಡಿನಲ್ಲಿ ಇನ್ನೊಂದು ಸಾಲು ಇರುತ್ತದೆ. ಅಧಿಕೃತರಲ್ಲದವರು ಬಿಚ್ಚಿದರೆ ವಾರಂಟಿ ರದ್ದು. 30 ಸಾವಿರ ಕೊಟ್ಟು ಮನೆಗೆ ತಂದವನು ಅಧಿಕೃತನಲ್ಲ. ಇಎಂಐ ಕಟ್ಟುವುದಕ್ಕೆ ಅಧಿಕೃತ, ಸ್ಕ್ರೂ ತಿರುಗಿಸುವುದಕ್ಕೆ ಅಲ್ಲ.

ಸರಿ, ಒಂದು ದಿನ ಮಷಿನ್ ನಿಲ್ಲುತ್ತದೆ. ಕಸ್ಟಮರ್ ಕೇರ್‌ಗೆ ಫೋನ್ ಮಾಡುತ್ತೀರಿ, ಅದನ್ನು ಒತ್ತಿ, ಇದನ್ನು ಒತ್ತಿ, ಎರಡು ದಿನ ಕಾದ ಮೇಲೆ ಹುಡುಗ ಬರುತ್ತಾನೆ. ಬಂದದ್ದಕ್ಕೇ ವಿಸಿಟ್ ಚಾರ್ಜ್. ಅದರ ಮೇಲೆ ಶೇ 18 ಜಿಎಸ್‌ಟಿ. ಮುಚ್ಚಳ ತೆಗೆಯುವ ಮೊದಲೇ ಅವನಿಗೆ ರೋಗ ಗೊತ್ತಾಗಿರುತ್ತದೆ.

“ಮೇಡಂ, ಪಿಸಿಬಿ ಹೋಗಿದೆ.”

“ನೀರು ಬರ್ತಿಲ್ಲ ಅಷ್ಟೇ ಅಲ್ವಾ?”

“ಅದೇ ಮೇಡಂ. ಪಿಸಿಬಿ ಹೋದ್ರೆ ನೀರು ಬರಲ್ಲ.”

ಡ್ರಮ್ ತಿರುಗದಿದ್ದರೂ ಪಿಸಿಬಿ, ಬಾಗಿಲು ತೆರೆಯದಿದ್ದರೂ ಪಿಸಿಬಿ, ಶಬ್ದ ಜಾಸ್ತಿ ಬಂದರೂ ಪಿಸಿಬಿ. ಬೆಲೆ ಕೇಳಿದರೆ ಹೊಸ ಮಷಿನ್‌ನ ಮೂರನೇ ಒಂದು ಭಾಗ. ಅದೂ ಸ್ಟಾಕ್ ಇಲ್ಲ. ಆಮೇಲೆ ಸ್ವಂತ ಅಕ್ಕನಿಗೆ ಹೇಳುವ ಹಾಗೆ ದನಿ ತಗ್ಗಿಸಿ, “ಹೊಸದೇ ತಗೊಂಡ್ಬಿಡಿ ಮೇಡಂ, ಎಕ್ಸ್‌ಚೇಂಜ್ ಆಫರ್ ನಡೀತಿದೆ” ಅನ್ನುತ್ತಾನೆ. ಆ ಹುಡುಗನನ್ನು ಬೈಯುವುದು ಬೇಡ. ಬಿಸಿಲಲ್ಲಿ ಬೈಕ್ ಮೇಲೆ ತಿರುಗುವವನು ಅವನು. ಯಾವುದನ್ನು ಮಾರಬೇಕು ಎಂದು ತೀರ್ಮಾನಿಸುವವರು ಏಸಿ ರೂಮಿನಲ್ಲಿದ್ದಾರೆ.

ಈಗ ನೀರು ಯಾಕೆ ಬರುತ್ತಿಲ್ಲ ಅಂತ ನೋಡೋಣ. ನಲ್ಲಿಯ ಪೈಪ್ ಮಷಿನ್‌ಗೆ ಸೇರುವ ಜಾಗದಲ್ಲಿ ಬೆರಳಿನ ಉಗುರಿನಷ್ಟು ಅಗಲದ ಒಂದು ಜಾಲರಿ ಇರುತ್ತದೆ. ಬೋರ್‌ವೆಲ್ ನೀರಿನ ಊರುಗಳಲ್ಲಿ ಅದರ ತುಂಬ ಮರಳು, ಬಿಳಿ ಹರಳು. ನಲ್ಲಿ ನಿಲ್ಲಿಸಿ, ಪ್ಲಗ್ ಕಿತ್ತು, ಪೈಪ್ ಬಿಚ್ಚಿ, ಇಕ್ಕಳದಿಂದ ಜಾಲರಿ ಮೆಲ್ಲಗೆ ಎಳೆದು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದರೆ ಎಷ್ಟೋ ಸಲ ಪಿಸಿಬಿ ತಾನಾಗೇ ವಾಸಿಯಾಗುತ್ತದೆ. ನೀರು ಹೊರಗೆ ಹೋಗುತ್ತಿಲ್ಲವಾ? ಫ್ರಂಟ್ ಲೋಡ್ ಆದರೆ ಕೆಳಗಿನ ಮೂಲೆಯಲ್ಲಿ ಪುಟ್ಟ ಮುಚ್ಚಳ ಇದೆ. ಕೆಳಗೊಂದು ತಟ್ಟೆ ಇಟ್ಟು ಫಿಲ್ಟರ್ ತಿರುಗಿಸಿ. 2 ರೂಪಾಯಿ ನಾಣ್ಯ, ಹೇರ್‌ಪಿನ್, ಅಂಗಿಯ ಗುಂಡಿ, ಮಗುವಿನ ಕಾಲ್ಚೀಲ, ಕೆಲಸದವಳ ಮೇಲೆ ಸುಮ್ನೆ ಅನುಮಾನಪಟ್ಟಿದ್ದ ಕಿವಿಯೋಲೆ, ಎಲ್ಲ ಅಲ್ಲೇ ಇರುತ್ತದೆ. ತಮಾಷೆ ಎಂದರೆ ಈ ಎರಡನ್ನೂ ನೀವೇ ಮಾಡಿ ಎಂದು ಕಂಪನಿಯ ಮ್ಯಾನ್ಯುಯಲ್‌ನಲ್ಲೇ ಬರೆದಿರುತ್ತದೆ. ಮ್ಯಾನ್ಯುಯಲ್ ಮಾತ್ರ ಮಷಿನ್ ಬಂದ ದಿನವೇ ರಟ್ಟಿನ ಡಬ್ಬದ ಜೊತೆ ಗುಜರಿಗೆ ಹೋಗಿರುತ್ತದೆ.

ಫ್ಯಾನ್ ವಿಷಯಕ್ಕೆ ಬನ್ನಿ. ಹಳೇ ಮಾದರಿಯ ಸೀಲಿಂಗ್ ಫ್ಯಾನಿನೊಳಗೆ ಎರಡು ವೈಂಡಿಂಗ್, ಅಂದರೆ ತಂತಿಯ ಸುರುಳಿ. ಒಂದಕ್ಕೆ ಹೋಗುವ ಕರೆಂಟನ್ನು ಕೆಪಾಸಿಟರ್ ಎಂಬ ಪುಟ್ಟ ಡಬ್ಬಿ ಸಮಯದ ಲೆಕ್ಕದಲ್ಲಿ ಸ್ವಲ್ಪ ಮುಂದೆ ಮಾಡುತ್ತದೆ. ಆ ವ್ಯತ್ಯಾಸವೇ ಫ್ಯಾನನ್ನು ಹೊರಡಿಸುವುದು. ಕೆಪಾಸಿಟರ್ ಸೊರಗಿದರೆ ಫ್ಯಾನ್ ನಿಧಾನವಾಗುತ್ತದೆ. ಪೂರ್ತಿ ಹೋದರೆ ಗುಂಯ್ ಎನ್ನುತ್ತ ನಿಂತೇ ಇರುತ್ತದೆ. ಮನೆಯಲ್ಲಿ ಯಾರಾದರೂ ಮಂಚ ಹತ್ತಿ ಪೊರಕೆಯ ಹಿಡಿಯಿಂದ ರೆಕ್ಕೆಯನ್ನು ತಳ್ಳುತ್ತಾರೆ, ತಿರುಗುತ್ತದೆ. ಪ್ರಪಂಚದ ಅತ್ಯಂತ ಅಗ್ಗದ ಟೆಸ್ಟಿಂಗ್ ಉಪಕರಣ ಆ ಪೊರಕೆ. ತಳ್ಳಿದಾಗ ತಿರುಗಿತು ಅಂದರೆ ಹೆಚ್ಚಿನ ಸಲ ಮೋಟರ್ ಸರಿಯಿದೆ, ಕೆಪಾಸಿಟರ್ ಹೋಗಿದೆ ಅಂತ ಅರ್ಥ. ಅದರ ಮೇಲೆ ಹೆಚ್ಚಾಗಿ 2.5 ಮೈಕ್ರೊಫ್ಯಾರಡ್ ಅಂತ ಬರೆದಿರುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿಗೇ ಹೋಗಬೇಕು ಅಂತಿಲ್ಲ, ಮೂಲೆಯ ಎಲೆಕ್ಟ್ರಿಕಲ್ ಅಂಗಡಿಯಲ್ಲೂ 50 ರೂಪಾಯಿ ಆಸುಪಾಸಿಗೆ ಸಿಗುತ್ತದೆ. ಮೇನ್ ಸ್ವಿಚ್ ಆಫ್ ಮಾಡಿ, ಎರಡು ವೈರ್ ಬದಲಿಸಿದರೆ ಮುಗಿಯಿತು. ಆದರೆ ನಾವು ಏನು ಮಾಡುತ್ತೇವೆ? ಆರು ತಿಂಗಳು ಪೊರಕೆಯಿಂದ ತಳ್ಳಿ, ಏಳನೇ ತಿಂಗಳು 3 ಸಾವಿರ ಕೊಟ್ಟು ರಿಮೋಟ್ ಇರುವ ಫ್ಯಾನ್ ತರುತ್ತೇವೆ. ಅದೂ ಒಳ್ಳೆಯದೇ ಅನ್ನಿ. ಹಳೆಯದು 70–80 ವಾಟ್ ತಿನ್ನುವ ಕಡೆ ಈ ಬಿಎಲ್‌ಡಿಸಿ ಫ್ಯಾನ್ (ಬೋರ್ಡ್ ಹೇಳಿದಂತೆ ಓಡುವ ಮೋಟರ್‌ನದು) 30ರ ಸುತ್ತಮುತ್ತ ತಿನ್ನುತ್ತದೆ, ಕರೆಂಟ್ ಬಿಲ್ ನಿಜಕ್ಕೂ ಇಳಿಯುತ್ತದೆ. ಅದರ ಬೋರ್ಡ್ ಕೆಟ್ಟ ದಿನ ಮಾತ್ರ ಪೊರಕೆಯಿಂದ ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಮೂಲೆಯ ಅಂಗಡಿಯವನೂ ಕೈಯೆತ್ತುತ್ತಾನೆ.

(ಎಲ್ಲವನ್ನೂ ಬಿಚ್ಚಿ ಎಂದು ನಾನು ಹೇಳುತ್ತಿಲ್ಲ. ಮೈಕ್ರೊವೇವ್ ಓವನ್ ತಂಟೆಗೆ ಹೋಗಲೇಬೇಡಿ. ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರ್‌ನಲ್ಲಿ ಜೀವ ತೆಗೆಯುವಷ್ಟು ವೋಲ್ಟೇಜ್ ಉಳಿದಿರಬಹುದು. ಅದನ್ನು ಗೊತ್ತಿದ್ದವರೇ ನೋಡಲಿ.)

ಮಿಕ್ಸಿಯಷ್ಟು ಅನ್ಯಾಯಕ್ಕೊಳಗಾದ ಯಂತ್ರ ಇನ್ನೊಂದಿಲ್ಲ. ಗಟ್ಟಿ ಚಟ್ನಿ ರುಬ್ಬುವಾಗ ಟಪ್ ಅಂತ ನಿಂತರೆ ಸತ್ತೇಹೋಯಿತು ಎಂದು ತೀರ್ಮಾನ. ಅಡಿಯಲ್ಲಿ ಒಂದು ಕೆಂಪು ಗುಂಡಿ ಇರುತ್ತದೆ. ಭಾರ ಜಾಸ್ತಿಯಾದಾಗ ಮೋಟರ್ ಸುಡದಿರಲಿ ಎಂದು ಅದು ತಾನೇ ಕರೆಂಟ್ ಕಡಿದಿರುತ್ತದೆ. ಹತ್ತು ನಿಮಿಷ ತಣ್ಣಗಾಗಲು ಬಿಟ್ಟು, ಅದನ್ನು ಒತ್ತಿ, ಸತ್ತದ್ದು ಎದ್ದು ಕೂರುತ್ತದೆ. ಮೋಟರ್ ತಿರುಗುತ್ತಿದೆ, ಬ್ಲೇಡ್ ತಿರುಗುತ್ತಿಲ್ಲ ಅಂದರೆ ಕಪ್ಲರ್ ನೋಡಿ. ಜಾರ್ ಕೂರುವ ಜಾಗದಲ್ಲಿರುವ ಹಲ್ಲಿನ ಚಕ್ರ ಅದು. ಮೋಟರ್‌ಗೆ ಪೆಟ್ಟಾಗದಿರಲಿ ಎಂದು ತಾನು ಸವೆದು ಸಾಯುವುದೇ ಅದರ ಧರ್ಮ. ನಾವು ಅದರ ತ್ಯಾಗಕ್ಕೆ ಬೆಲೆ ಕೊಡದೆ ಇಡೀ ಮಿಕ್ಸಿಯನ್ನು ಎಸೆಯುತ್ತೇವೆ. ಬದಲಿಸುವಾಗ ಒಂದು ಮಾತು: ಕೆಲವು ಮಿಕ್ಸಿಗಳಲ್ಲಿ ಥ್ರೆಡ್ ಉಲ್ಟಾ ಇರುತ್ತದೆ, ಓಡುವಾಗ ಸಡಿಲವಾಗದೆ ಇನ್ನಷ್ಟು ಬಿಗಿಯಾಗಲಿ ಅಂತ. ಬಿಚ್ಚಲು ಬಲಕ್ಕೆ ತಿರುಗಿಸಬೇಕಾದೀತು. ಎಡಕ್ಕೆ ತಿರುಗಿಸಿ ತಿರುಗಿಸಿ ಬೆವರಿದ ಗಂಡಸರು ಎಷ್ಟು ಮನೆಯಲ್ಲಿಲ್ಲ!

ಇಂಥವರ ಹುಮ್ಮಸ್ಸು ಇಳಿಸಲೆಂದೇ ಕಂಪನಿಗಳು ಸ್ಕ್ರೂಗಳ ಮೇಲೆ ಸಂಶೋಧನೆ ನಡೆಸಿವೆ. ನಾಲ್ಕು ಗೀರಿನ ಸ್ಕ್ರೂ ಎಲ್ಲರ ಮನೆಯಲ್ಲೂ ಬಿಚ್ಚುತ್ತದೆ, ಹಾಗಾಗಿ ಅದು ಅಪಾಯಕಾರಿ. ಮೂರು ಮೂಲೆಯ ಸ್ಕ್ರೂ ಬಂತು. ಆರು ಮೂಲೆಯ ನಕ್ಷತ್ರ ಬಂತು. ಆ ಸ್ಕ್ರೂಡ್ರೈವರೂ ಜನ ಕೊಂಡರು ಎಂದು ಗೊತ್ತಾಗಿ, ನಕ್ಷತ್ರದ ನಡುವೆ ಒಂದು ಮೊಳೆ ನಿಲ್ಲಿಸಿದರು. ಇನ್ನು ಕೆಲವು ಫ್ರಂಟ್ ಲೋಡ್ ಮಷಿನ್‌ಗಳಲ್ಲಿ ಸ್ಕ್ರೂವೇ ಇಲ್ಲ. ಡ್ರಮ್ ಕೂರುವ ಪ್ಲಾಸ್ಟಿಕ್ ತೊಟ್ಟಿಯ ಎರಡು ಹೋಳನ್ನು ಕಾಯಿಸಿ ಬೆಸೆದುಬಿಟ್ಟಿರುತ್ತಾರೆ. ಒಳಗಿನ ಬೇರಿಂಗ್‌ಗೆ ಕೆಲವೇ ನೂರು ರೂಪಾಯಿ. ಆದರೆ ಅದನ್ನು ತಲುಪಲು ದಾರಿಯೇ ಇಲ್ಲ, ತೊಟ್ಟಿ ಸಮೇತ ಬದಲಿಸಬೇಕು. ತೊಟ್ಟಿಯ ಬೆಲೆ ಕೇಳಿದ ಮೇಲೆ ಯಾರೂ ಬೇರಿಂಗ್ ಸುದ್ದಿ ಎತ್ತುವುದಿಲ್ಲ.

ಇದೆಲ್ಲ ಸರ್ಕಾರದ ಕಣ್ಣಿಗೆ ಬಿದ್ದಿಲ್ಲ ಅಂದುಕೊಳ್ಳಬೇಡಿ. ಬಿದ್ದಿದೆ. 2022ರ ಡಿಸೆಂಬರ್ 24ರಂದು, ರಾಷ್ಟ್ರೀಯ ಗ್ರಾಹಕ ದಿನದಂದೇ, ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರೈಟ್ ಟು ರಿಪೇರ್’ ಪೋರ್ಟಲ್ ತೆರೆಯಿತು. ರಿಪೇರಿ ನಿಮ್ಮ ಹಕ್ಕು! ಕೃಷಿ ಯಂತ್ರ, ಮೊಬೈಲ್, ಮನೆಬಳಕೆಯ ಸಾಮಾನು, ವಾಹನ, ನಾಲ್ಕಕ್ಕೂ. ಗಮನಿಸಿ, ಕಾನೂನಲ್ಲ, ಪೋರ್ಟಲ್. ಅಲ್ಲಿ ಹೋದರೆ ಕಂಪನಿಗಳ ವಾರಂಟಿ ವಿವರ, ಸರ್ವಿಸ್ ಸೆಂಟರ್ ಮಾಹಿತಿ, ಕಸ್ಟಮರ್ ಕೇರ್ ಸಂಪರ್ಕ ಸಿಗುತ್ತದೆ. ಅಂದರೆ ಯಾರು ಪಿಸಿಬಿ ಹೋಗಿದೆ ಎಂದು ಹೇಳಿ ಕಳಿಸಿದರೋ ಅವರ ಫೋನ್ ನಂಬರನ್ನೇ ಸರ್ಕಾರ ಗೌರವಪೂರ್ವಕವಾಗಿ ನಿಮ್ಮ ಕೈಗಿಡುತ್ತದೆ. ಆತ್ಮನಿರ್ಭರ ಎಂದರೆ ದೇಶದ ಮಟ್ಟದಲ್ಲಿ. ಸ್ವಂತ ಮಿಕ್ಸಿಯ ಮಟ್ಟದಲ್ಲಿ ಅಲ್ಲ.

ಯುರೋಪಿನವರು ಸ್ವಲ್ಪ ಒರಟು. ಅವರಿಗೆ ಪೋರ್ಟಲ್‌ನ ಸೌಜನ್ಯ ಗೊತ್ತಿಲ್ಲ, ಕಾನೂನು ಮಾಡಿದರು. 2021ರ ಮಾರ್ಚ್‌ನಿಂದ ಅಲ್ಲಿ ವಾಷಿಂಗ್ ಮಷಿನ್ ಮಾರುವವರು ಕನಿಷ್ಠ 10 ವರ್ಷ ಬಿಡಿಭಾಗ ಒದಗಿಸಬೇಕು, ಅವನ್ನು ಸಾಮಾನ್ಯ ಸಲಕರಣೆಗಳಿಂದಲೇ ಬದಲಿಸಲು ಬರುವಂತಿರಬೇಕು. 2024ರಲ್ಲಿ ಇನ್ನೊಂದು ಕಾನೂನು ತಂದು, ವಾರಂಟಿ ಮುಗಿದ ಮೇಲೂ ಇಂಥ ಯಂತ್ರಗಳನ್ನು ನ್ಯಾಯವಾದ ಬೆಲೆಗೆ ರಿಪೇರಿ ಮಾಡಿಕೊಡಬೇಕು ಎಂದರು. ಅಲ್ಲಿ ಮಾರುವ ಕಂಪನಿಗಳಲ್ಲಿ ಕೆಲವು ಇಲ್ಲೂ ಮಾರುತ್ತವೆ. ಅಲ್ಲಿ ಬಿಡಿಭಾಗಕ್ಕೆ 10 ವರ್ಷ, ಇಲ್ಲಿ ಸ್ಟಿಕ್ಕರ್‌ಗೆ 10 ವರ್ಷ.

ನಮ್ಮಲ್ಲಿ ಕಾನೂನಿಲ್ಲದಿದ್ದರೇನು, ಜನ ಇದ್ದರು. ಸ್ಕೂಟರಿಗೆ ಸ್ಪೀಕರ್ ಕಟ್ಟಿಕೊಂಡು “ಗ್ಯಾಸ್ ಸ್ಟವ್, ಕುಕ್ಕರ್, ಮಿಕ್ಸಿ ರಿಪೇರೀ” ಎಂದು ಕೂಗಿಸುತ್ತ ಬರುವವರು ಈಗಲೂ ಇದ್ದಾರೆ. ಗೇಟಿನ ಹೊರಗೆ ಇದ್ದಾರೆ. ಅಪಾರ್ಟ್‌ಮೆಂಟ್ ಒಳಗೆ ಬರಬೇಕಾದರೆ ಆ್ಯಪ್‌ನಲ್ಲಿ ಯಾರಾದರೂ ಒಪ್ಪಿಗೆ ಒತ್ತಬೇಕು. ಹೊಸ ಮಿಕ್ಸಿ ತರುವ ಡೆಲಿವರಿ ಹುಡುಗನಿಗೆ ದಿನಕ್ಕೆ ಹತ್ತು ಸಲ ಒಪ್ಪಿಗೆ. ಹಳೇದನ್ನು ಸರಿಮಾಡುವವನು ಮಾತ್ರ ಭದ್ರತೆಗೆ ಧಕ್ಕೆ.

ಇನ್ನು ಆಯುಧಪೂಜೆ. ಫ್ರಿಜ್ಜಿಗೂ ಟೀವಿಗೂ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂ ಏರಿಸಿ ಮಂಗಳಾರತಿ ಎತ್ತುತ್ತೇವೆ. ಆರತಿ ತಟ್ಟೆ ಕೆಳಗಿಟ್ಟು ಪೇಪರ್ ತೆಗೆದರೆ ಮುಖಪುಟದ ತುಂಬ ಎಕ್ಸ್‌ಚೇಂಜ್ ಮೇಳ. ಬೆಳಿಗ್ಗೆ ಕೈಮುಗಿದದ್ದನ್ನು ಸಂಜೆಯೊಳಗೆ ಸಾಗಹಾಕುವುದು ಹೇಗೆ ಎಂಬ ಲೆಕ್ಕಾಚಾರ ಶುರು. ಮೇಳದ ಷರತ್ತು ಓದಿದ್ದೀರಾ? ಅದೇ ನಕ್ಷತ್ರದ ಕೆಳಗೆ ಇರುತ್ತದೆ: ‘ಹಳೆಯ ವಸ್ತು ಕೆಲಸ ಮಾಡುವ ಸ್ಥಿತಿಯಲ್ಲಿರಬೇಕು.’

ನಮ್ಮ ಎದುರುಮನೆಯ ರಿಟೈರ್ಡ್ ಮೇಷ್ಟ್ರು ಈ ಷರತ್ತನ್ನು ಶ್ರದ್ಧೆಯಿಂದ ಪಾಲಿಸಿದರು. ಅವರ ಟೀವಿಯಲ್ಲಿ ಮಾತು ಕೇಳುತ್ತಿತ್ತು, ಚಿತ್ರ ಇರಲಿಲ್ಲ. ಪ್ಯಾನೆಲ್ ಹೋಗಿದೆ, ಹೊಸದೇ ಗತಿ ಎಂದು ಕಂಪನಿಯಿಂದ ಬಂದವನು ಹೇಳಿ ಹೋಗಿದ್ದ. ಕೆಟ್ಟ ಟೀವಿಗೆ ಎಕ್ಸ್‌ಚೇಂಜ್ ಇಲ್ಲವಲ್ಲ, ಮೇಷ್ಟ್ರು ಕತ್ತಲಲ್ಲಿ ಟೀವಿ ಹಾಕಿ, ಪರದೆಗೆ ಹತ್ತಿರ ಹಿಡಿದು ಟಾರ್ಚ್ ಬಿಟ್ಟರು. ಬೆಳಕು ಬಿದ್ದಷ್ಟು ಜಾಗದಲ್ಲಿ ವಾರ್ತೆ ಓದುವವಳ ಮುಖ ಮಸುಕಾಗಿ ಕಂಡಿತು. ಚಿತ್ರ ಇದೆ, ಹಿಂದಿನ ದೀಪ ಹೋಗಿದೆ, ಅಷ್ಟೇ. ಹಿಂಬದಿಯ ಸ್ಕ್ರೂಗಳನ್ನೆಲ್ಲ ಬಿಚ್ಚಿ, ಪ್ಯಾನೆಲ್ ಎತ್ತುವ ಕೆಲಸಕ್ಕೆ ಮಾತ್ರ ಸಂದಿಯ ರಿಪೇರಿ ಅಂಗಡಿಯವನನ್ನು ಕರೆದು, ಎಲ್‌ಇಡಿ ಪಟ್ಟಿ ಬದಲಿಸಿದರು. ಟೀವಿ ಫಳಫಳ.

ಹಬ್ಬದ ಮಾರನೇ ದಿನ ಎಕ್ಸ್‌ಚೇಂಜಿನವನು ಬಂದ. ಟೀವಿ ಹಾಕಿ ನೋಡಿದ, ಚಾನೆಲ್ ಬದಲಿಸಿ ನೋಡಿದ, ಖುಷಿಯಾದ. ಆಮೇಲೆ ಹಿಂದೆ ತಿರುಗಿಸಿದ.

“ಸಾರ್, ಸ್ಟಿಕ್ಕರ್ ಹರಿದಿದೆ. ಟೀವಿ ಓಪನ್ ಆಗಿದೆ. ಒಂದು ಸಾವಿರ ಕಮ್ಮಿ ಆಗತ್ತೆ.”

“ರಿಪೇರಿ ಮಾಡಿದ್ದಕ್ಕಾ?”

“ಹೌದು ಸಾರ್.”

“ಮಾಡದೇ ಇದ್ದಿದ್ರೆ?”

“ಆಗ ತಗೊಳ್ತಾನೇ ಇರ್ಲಿಲ್ಲ ಸಾರ್, ಕೆಟ್ಟಿರೋದು ನಾವು ಮುಟ್ಟಲ್ಲ.”

“ಅಲ್ಲಪ್ಪಾ, ಕೆಡದೇ ಇರೋ, ಯಾರೂ ಬಿಚ್ಚದೇ ಇರೋ ಟೀವೀನ ಎಕ್ಸ್‌ಚೇಂಜಿಗೆ ಯಾರು ಕೊಡ್ತಾರೆ?”

“ತುಂಬಾ ಜನ ಕೊಡ್ತಾರೆ ಸಾರ್,” ಅಂದ ಅವನು, ಟೇಪ್ ಹರಿಯುತ್ತ. “ಕೆಳಗೆ ಗಾಡೀಲಿ ಇನ್ನೂ ಆರು ಇದೆ, ಬೇಕಾದ್ರೆ ಬಂದು ನೋಡಿ.”