ವಯಸ್ಸಿಗೆ ಪರವಾಗಿಲ್ಲ

ಉದ್ಯಾನದ ಬಾಗಿಲಲ್ಲಿ ಮೇಜು ಹಾಕಿಕೊಂಡು ಪುಕ್ಕಟೆಯಾಗಿ ಬಿ.ಪಿ. ನೋಡುತ್ತಿದ್ದ ಹುಡುಗ ನನ್ನ ತೋಳಿನ ಪಟ್ಟಿ ಬಿಚ್ಚುತ್ತಾ, "148–86. ನಿಮ್ಮ ವಯಸ್ಸಿಗೆ ಪರವಾಗಿಲ್ಲ ಸಾರ್" ಎಂದ. ನಿಜವಾಗಿ ಒತ್ತಡ ಏರಿದ್ದು ಆಗಲೇ. ಪರವಾಗಿಲ್ಲ ಎಂದಿದ್ದರೆ ಸಾಕಿತ್ತು, ವಯಸ್ಸಿನ ಮಾತು ಎತ್ತಿದವರು ಯಾರು? ಅಳೆಯುವ ಮುನ್ನ ಐದು ನಿಮಿಷ ಸುಮ್ಮನೆ ಕೂರಿಸಬೇಕು, ಮಾತನಾಡಿಸಬಾರದು. ಈ ಮಹಾಶಯ ಬಿರುಸಾಗಿ ನಡೆದು ಬಂದವನನ್ನು ಹಿಡಿದು ಕೂರಿಸಿ, ಮಗ ಎಲ್ಲಿದ್ದಾನೆ, ಸೊಸೆ ಏನು ಮಾಡುತ್ತಾಳೆ ಎಂದು ವಿಚಾರಿಸುತ್ತಲೇ ಪಟ್ಟಿಗೆ ಗಾಳಿ ತುಂಬಿದ್ದ.

ಈ ವಿಷಯದಲ್ಲಿ ನನಗೆ ಮನುಷ್ಯರಿಗಿಂತ ಒಂದು ಕುದುರೆಯ ಮೇಲೆ ಮರುಕ ಹೆಚ್ಚು. ರಕ್ತದೊತ್ತಡವನ್ನು ಮೊದಲು ಅಳೆದವನು ವೈದ್ಯನಲ್ಲ, ಸ್ಟೀಫನ್ ಹೇಲ್ಸ್ ಎಂಬ ಇಂಗ್ಲೆಂಡಿನ ಪಾದ್ರಿ. ಒಂದು ಡಿಸೆಂಬರಿನಲ್ಲಿ ಹೆಣ್ಣು ಕುದುರೆಯನ್ನು ಅಂಗಾತ ಕೆಡವಿ ಕಟ್ಟಿಸಿ, ತೊಡೆಯ ರಕ್ತನಾಳಕ್ಕೆ ಹಿತ್ತಾಳೆಯ ಕೊಳವೆ ತೂರಿಸಿ, ಅದಕ್ಕೆ ಉದ್ದನೆಯ ಗಾಜಿನ ನಳಿಗೆ ಜೋಡಿಸಿದ. ರಕ್ತ 8 ಅಡಿ 3 ಅಂಗುಲ ಏರಿತು. 1733ರಲ್ಲಿ ಅಚ್ಚಾದ ಅವನ ವರದಿಯಲ್ಲಿ ಕುದುರೆಯ ಎತ್ತರ, ಹೆಗಲ ಮೇಲಿನ ಹುಣ್ಣು, ಬಡಕಲೂ ಅಲ್ಲದ ಕೊಬ್ಬಿದ್ದೂ ಅಲ್ಲದ ಮೈಕಟ್ಟು ಎಲ್ಲವೂ ಇವೆ. ವಯಸ್ಸು ಸುಮಾರು 14 ಎಂದೂ ಬರೆದಿದ್ದಾನೆ. ಇಂದು ಬಿ.ಪಿ. ಹೇಳುವ ಪಾದರಸದ ಲೆಕ್ಕಕ್ಕೆ ಇಳಿಸಿದರೆ ಅದರ ಒತ್ತಡ 190 ದಾಟುತ್ತದೆ. ದಾಟದೆ ಏನು ಮಾಡೀತು? ಬಿಳಿ ಕೋಟು ಕಂಡರೇ ಕೆಲವರಿಗೆ ಬಿ.ಪಿ. ಏರುತ್ತದೆ. ಇಲ್ಲಿ ಹಗ್ಗ, ಕತ್ತಿ, ಸಾಲದ್ದಕ್ಕೆ ಪಾದ್ರಿ. ಆದರೂ ಹೇಲ್ಸ್ ಒಂದು ಸೌಜನ್ಯ ತೋರಿದ: "ನಿನ್ನ ವಯಸ್ಸಿಗೆ ಪರವಾಗಿಲ್ಲ" ಎಂದು ಕುದುರೆಗೆ ಹೇಳಲಿಲ್ಲ.

ನಮ್ಮ ವಾಕಿಂಗ್ ಬಳಗದ ನಿವೃತ್ತ ಮೇಷ್ಟ್ರದ್ದು ಹಳೆಯ ಲೆಕ್ಕ: ನೂರಕ್ಕೆ ವಯಸ್ಸು ಕೂಡಿಸಿ, ಅಷ್ಟಿದ್ದರೆ ಸರಿ. ಅಂದರೆ ನೂರು ತುಂಬಿದವರಿಗೆ 200 ಬಂದರೂ ಹೋಳಿಗೆ ಊಟ ಹಾಕಿಸಬಹುದು! ವಯಸ್ಸು, ಎತ್ತರ ನೋಡಿ ಲೆಕ್ಕ ಹಾಕುವುದು ಮಕ್ಕಳಿಗೆ. ದೊಡ್ಡವರಿಗೆ, ಮೂವತ್ತಾಗಲಿ ಎಪ್ಪತ್ತಾಗಲಿ, ನಮ್ಮ ವೈದ್ಯರು ಸಾಮಾನ್ಯವಾಗಿ ಗೆರೆ ಎಳೆಯುವುದು 140–90ಕ್ಕೆ. ಅಮೆರಿಕದವರು 2017ರಲ್ಲಿ ಅದನ್ನು 130–80ಕ್ಕೆ ಇಳಿಸಿ, ಒಂದೇ ದಿನದಲ್ಲಿ ಕೋಟ್ಯಂತರ ಜನರನ್ನು ರೋಗಿಗಳಾಗಿಸಿದರು. ವಯಸ್ಸಾದಂತೆ ರಕ್ತನಾಳಗಳು ಪೆಡಸಾಗಿ ಮೇಲಿನ ಅಂಕಿ ಏರುವುದು ನಿಜ. ಎಷ್ಟೋ ಜನರಿಗೆ ಏರುತ್ತದೆ ಎಂದ ಮಾತ್ರಕ್ಕೆ ಅದು ಆರೋಗ್ಯವಾಗುವುದಿಲ್ಲ. ತೀರ ಹಣ್ಣಾದ ಮುದುಕರಿಗೆ ವೈದ್ಯರು ಕೊಂಚ ರಿಯಾಯಿತಿ ಕೊಡುವುದುಂಟು, ಅದು ಬೇರೆ ಮಾತು.

ಇದನ್ನೆಲ್ಲ ಮೇಷ್ಟ್ರಿಗೆ ವಿವರಿಸಲು ಹೋದೆ. ಅವರು ಮುಖ ಕೆಂಪಗೆ ಮಾಡಿಕೊಂಡು, "ನನಗೆ ಪಾಠ ಹೇಳುವಷ್ಟು ವಯಸ್ಸಾಯಿತೇನಯ್ಯಾ ನಿನಗೆ?" ಎಂದರು.