ಕವರ್ ಹಾಡಿದ್ರೆ ಏನು ತಪ್ಪು?

ಎಂಬತ್ತರ ದಶಕದ ಬ್ರಿಟಿಷ್ ಪಾಪ್ ಗಾಯಕ ಜಿಮ್ಮಿ ಸೋಮರ್‌ವಿಲ್ ಹೆಸರು ಬಂದಾಗೆಲ್ಲ ಅದೇ ಡೈಲಾಗ್. ಆರಂಭದಲ್ಲಿ ಒಂದು ಒಳ್ಳೆ ಹಾಡು ಕೊಟ್ಟ, ಆಮೇಲೆ ಕವರ್, ಅಂದ್ರೆ ಬೇರೆಯವರ ಹಾಡು, ಹಾಡಿಕೊಂಡೇ ಕಾಲ ಕಳೆದ ಅಂತ. ನಾನಿದನ್ನು ಒಪ್ಪಲ್ಲ.

ಈತ 1961ರಲ್ಲಿ ಗ್ಲಾಸ್ಗೋದಲ್ಲಿ ಹುಟ್ಟಿದವನು. ಗಂಡಸರಿಬ್ಬರ ಸಂಬಂಧ ಅಪರಾಧವಲ್ಲ ಅಂತ ಸ್ಕಾಟ್ಲೆಂಡ್‌ಗೆ ಕಾನೂನು ಬಂದಿದ್ದು 1980ರಲ್ಲಿ, ಇಂಗ್ಲೆಂಡ್‌ಗಿಂತ 13 ವರ್ಷ ತಡವಾಗಿ. ಅಂದ್ರೆ ಇವನ ಹರೆಯವೆಲ್ಲ ಹಳೇ ಕಾನೂನಿನ ಕೆಳಗೇ ಕಳೆಯಿತು. ಲಂಡನ್‌ಗೆ ಬಂದ ಮೇಲೆ 1983ರಲ್ಲಿ ಇವನ ಬ್ಯಾಂಡ್ ಬ್ರಾನ್ಸ್ಕಿ ಬೀಟ್ ಶುರುವಾಯಿತು. ಮೂವರು ಹುಡುಗರು, ಮೂವರೂ ಗೇ, ಯಾರೂ ಅದನ್ನು ಮುಚ್ಚಿಡಲಿಲ್ಲ. ಮರುವರ್ಷ ಬಂದ 'ಸ್ಮಾಲ್‌ಟೌನ್ ಬಾಯ್' ಹಾಡು ಬ್ರಿಟನ್ನಿನ ಹಿಟ್ ಪಟ್ಟಿಯಲ್ಲಿ 3ನೇ ಸ್ಥಾನಕ್ಕೆ ಹೋಯಿತು. ಅದರ ವಿಡಿಯೋ ನೋಡಿ. ಊರು ಬಿಟ್ಟು ಹೊರಟ ಮಗನಿಗೆ ಅಪ್ಪ ದುಡ್ಡು ಕೊಡ್ತಾನೆ, ಕೈ ಮಾತ್ರ ಕುಲುಕಲ್ಲ. ಹಿಂದೆ ಸಿಂಥಸೈಜರ್ ಬೀಟ್ ಕುಣಿಸ್ತಾ ಇರುತ್ತೆ, ಮೇಲೆ ತಾರಸ್ಥಾಯಿಯಲ್ಲಿ ಆ ದನಿ ಅಳ್ತಾ ಇರುತ್ತೆ.

ಇನ್ನು ಕವರ್‌ಗಳ ವಿಷಯ. 1985ರಲ್ಲಿ ಬ್ರಾನ್ಸ್ಕಿ ಬೀಟ್ ಬಿಟ್ಟು ರಿಚರ್ಡ್ ಕೋಲ್ಸ್ ಜೊತೆ ಕಮ್ಯುನಾರ್ಡ್ಸ್ ಅನ್ನೋ ಹೊಸ ಬ್ಯಾಂಡ್ ಕಟ್ಟಿದ (ಈ ಕೋಲ್ಸ್ ಮುಂದೆ ಪಾದ್ರಿಯಾದರು, ಅದೇ ಬೇರೆ ಕಥೆ). 1986ರಲ್ಲಿ 'ಡೋಂಟ್ ಲೀವ್ ಮಿ ದಿಸ್ ವೇ' ನಾಲ್ಕು ವಾರ ನಂಬರ್ 1, ಆ ವರ್ಷ ಬ್ರಿಟನ್ನಿನಲ್ಲಿ ಅತಿ ಹೆಚ್ಚು ಮಾರಾಟವಾದ ಸಿಂಗಲ್ಲೂ ಅದೇ. ಹಾಡು ಎಪ್ಪತ್ತರ ದಶಕದ್ದು, ಟೆಡ್ಡಿ ಪೆಂಡರ್‌ಗ್ರಾಸ್ ಹಾಡಿದ್ರು, ಥೆಲ್ಮಾ ಹ್ಯೂಸ್ಟನ್ ಹಾಡಿದ್ರು. ಆದರೆ ಇಲ್ಲಿ ಸಾರಾ ಜೇನ್ ಮಾರಿಸ್ ಅನ್ನೋ ಹೆಣ್ಣುಮಗಳು ತಗ್ಗಿನ ದನಿಯಲ್ಲಿ ಹಾಡ್ತಾರೆ, ಈ ಗಂಡಸು ಅವರಿಗಿಂತ ಮೇಲೆ ಹಾರಿ ಹೋಗ್ತಾನೆ. ಗಂಡು ಹೀಗೆ, ಹೆಣ್ಣು ಹೀಗೆ ಹಾಡಬೇಕು ಅನ್ನೋ ಲೆಕ್ಕವನ್ನೇ ತಲೆಕೆಳಗು ಮಾಡಿ, ಅದಕ್ಕೇ ಇಡೀ ದೇಶವನ್ನು ಕುಣಿಸಿದ್ರು ಅಲ್ವಾ! ಇದನ್ನು ಸುಮ್ನೆ ನಕಲು ಅನ್ನೋಕಾಗುತ್ತಾ?

ನನಗೆ ಜಾಸ್ತಿ ಮುಖ್ಯ ಅನಿಸೋದು ಸಿಲ್ವೆಸ್ಟರ್ ಹಾಡು. ಅಮೆರಿಕದ ಈ ಡಿಸ್ಕೋ ಗಾಯಕ 1988ರ ಡಿಸೆಂಬರ್‌ನಲ್ಲಿ ಏಡ್ಸ್‌ನಿಂದ ತೀರಿಕೊಂಡ. ಸುಮಾರು ಒಂದು ವರ್ಷದ ನಂತರ ಜಿಮ್ಮಿ ಅವನ 'ಯು ಮೇಕ್ ಮಿ ಫೀಲ್' ಹಾಡಿದ, 1990ರಲ್ಲಿ ಅದು ಬ್ರಿಟನ್ನಿನ 5ನೇ ಸ್ಥಾನ ಮುಟ್ಟಿತು. ಆ ಹಾಡುಗಳಿಗೆ ಕುಣಿದು ಬೆಳೆದ ಹುಡುಗರು ಒಬ್ಬೊಬ್ಬರಾಗಿ ಸಾಯ್ತಾ ಇದ್ದ ವರ್ಷಗಳವು. ಅಂಥ ಹೊತ್ತಲ್ಲಿ ಸತ್ತವನ ಹಾಡು ಮತ್ತೆ ರೇಡಿಯೋದಲ್ಲಿ ಕೇಳೋ ಹಾಗೆ ಮಾಡೋದು ಸೋಮಾರಿತನ ಅಂತೂ ಅಲ್ಲ.

ಸ್ವಂತ ಹಾಡು ಬೇಕು ಅನ್ನೋರು 1988ರ 'ಫಾರ್ ಎ ಫ್ರೆಂಡ್' ಕೇಳಿ. ಬ್ರಿಟನ್ನಿನ ಗಣಿ ಕಾರ್ಮಿಕರ ಮುಷ್ಕರಕ್ಕೆ ಲಂಡನ್ನಿನ ಸಲಿಂಗಿಗಳಿಂದ ಹಣ ಎತ್ತಿಸಿದ ಮಾರ್ಕ್ ಆಷ್ಟನ್ ನೆನಪಿಗೆ ಮಾಡಿದ್ದು. ಆಷ್ಟನ್ ಏಡ್ಸ್‌ಗೆ ಬಲಿಯಾದಾಗ ಬರೀ 26 ವರ್ಷ. ಅದೇ ಮುಷ್ಕರಕ್ಕಾಗಿ 1984ರ ಡಿಸೆಂಬರ್‌ನಲ್ಲಿ ಲಂಡನ್ನಿನ ಕ್ಯಾಮ್ಡನ್‌ನಲ್ಲಿ ಬ್ರಾನ್ಸ್ಕಿ ಬೀಟ್ ಹಾಡಿತ್ತು. ಆದರೆ 'ಫಾರ್ ಎ ಫ್ರೆಂಡ್' ಟಾಪ್ 20ಕ್ಕೂ ಬರಲಿಲ್ಲ. ಜನಕ್ಕೆ ಕವರ್‌ಗಳೇ ಬೇಕಿದ್ದವು, ಬೈಗುಳ ಮಾತ್ರ ಇವನಿಗೆ.

ತೊಂಬತ್ತರ ದಶಕದ ಆಲ್ಬಮ್‌ಗಳು ನನಗೂ ಅಷ್ಟಕ್ಕಷ್ಟೇ. ಆದರೆ 2015ರಲ್ಲಿ 'ಹೋಮೇಜ್' ಬಂತು. ಹಳೇ ಡಿಸ್ಕೋ ಶೈಲಿ, ಆದರೆ ಎಲ್ಲ ಹೊಸದಾಗಿ ಬರೆದ ಹಾಡುಗಳು. ಕವರ್ ಗಾಯಕ ಅಂತ ಮೂಗು ಮುರಿಯೋರಲ್ಲಿ ಎಷ್ಟು ಜನ ಅದನ್ನು ಕೇಳಿದ್ದಾರೆ, ಕಾಮೆಂಟಲ್ಲಿ ಹೇಳಿ ನೋಡೋಣ.